ಅವ್ವನ ಕಣಗಿಲೆ: ಶಿವರಾತ್ರಿಯಿಂದ ಪಂಚಮಿವರೆಗಿನ ಕೆಲಸ

ನಮ್ಮ ಹಿತ್ತಲಲ್ಲಿ ಒಂದು ಕಣಗಿಲೆ ಗಿಡ ಇದೆ. ಅವ್ವ ಅದನ್ನು ಕಣಗಲ ಅಂತಾಳೆ. ಗುಲಾಬಿ ಬಣ್ಣದ ಐದೆಸಳಿನ ಹೂವು. ಮದುವೆಯಾಗಿ ವಿಜಯಪುರಕ್ಕೆ ಬಂದ ವರ್ಷ ಇಂಡಿ ಊರಿನ ತವರುಮನೆಯಿಂದ ಒಂದು ಕಡ್ಡಿ ತಂದು ಬಾವಿಕಟ್ಟೆ ಪಕ್ಕ ಊರಿದ್ದಳಂತೆ. ಮೂವತ್ತೈದು ವರ್ಷದ ಮಾತು. ಆ ಬಾವಿ ಮುಚ್ಚಿ ಎಷ್ಟೋ ಕಾಲ ಆಯಿತು. ಗಿಡ ಹಾಗೇ ಇದೆ.

ಈ ವರ್ಷ ಅದನ್ನು ಕಿತ್ತು ಹಾಕುವ ಮಾತು ಬಂತು. ಡಿಸೆಂಬರಿನಲ್ಲಿ ತಂಗಿಗೆ ಗಂಡು ಮಗು ಆಯಿತು. ಬಾಣಂತನಕ್ಕೆ ಇಲ್ಲೇ ಇದ್ದಳು. ಗಂಡನ ಮನೆಗೆ ಹೋದರೂ ಪಂಚಮಿಗೆ ಬಂದೇ ಬರುತ್ತಾಳೆ. ಅಷ್ಟೊತ್ತಿಗೆ ಮಗುವಿಗೆ ಎಂಟು ತಿಂಗಳು. ಅಂಬೆಗಾಲಿಟ್ಟು ಸಿಕ್ಕಿದ್ದೆಲ್ಲ ಬಾಯಿಗೆ ಹಾಕುವ ವಯಸ್ಸು. ಬಾಜೂ ಮನೆ ಕಾಕಾ ಒಂದು ದಿನ ಚಹಾ ಕುಡಿಯುತ್ತ ಹೇಳಿದರು, "ತಮ್ಮಾ, ಅದು ವಿಷದ ಗಿಡ ಐತಿ. ಕೂಸು ಹರದಾಡೂದ್ರಾಗ ಬುಡಸಮೇತ ಕಿತ್ತು ಹಾಕು."

ಅವರು ಹೇಳಿದ್ದರಲ್ಲಿ ತಪ್ಪಿಲ್ಲ. ಅವ್ವ ಏನೂ ಮಾತಾಡಲಿಲ್ಲ. ಮರುದಿನ ಬೆಳಿಗ್ಗೆ ದಿನದ ಹಾಗೆ ಬುಟ್ಟಿ ಹಿಡಿದು ಹೂ ಬಿಡಿಸಲು ಹೋದಳು. ಅದನ್ನು ನೋಡಿದ ಮೇಲೆ ಕೀಳುವ ವಿಚಾರ ಬಿಟ್ಟೆ. ಗಿಡವೂ ಇರಬೇಕು, ಮಗುವೂ ಹಿತ್ತಲಲ್ಲಿ ಆಡಬೇಕು. ಕೈಯಲ್ಲಿ ಐದಾರು ತಿಂಗಳು ಇತ್ತು.

ಮೊದಲು ವಿಷದ ಮಾತು ಹೇಳಿಬಿಡುತ್ತೇನೆ. ಕಣಗಿಲೆಯ ಎಲೆ, ಹೂ, ಕಾಯಿ, ಬೀಜ, ತೊಗಟೆ, ಬೇರು, ಸೊನೆ ಎಲ್ಲದರಲ್ಲೂ ವಿಷ ಇದೆ. ಅದರಲ್ಲಿ ಮುಖ್ಯವಾದದ್ದು ಒಲಿಯಾಂಡ್ರಿನ್. ಅದು ಹೃದಯದ ಬಡಿತವನ್ನೇ ಕೆಡಿಸುತ್ತದೆ. ಮೊದಲು ವಾಂತಿ, ಹೊಟ್ಟೆನೋವು ಬರುತ್ತದೆ. ಆಮೇಲೆ ನಾಡಿ ಏರುಪೇರಾಗುತ್ತದೆ. ಎಲೆ ಒಣಗಿದರೂ ವಿಷ ಹೋಗುವುದಿಲ್ಲ, ಕುದಿಸಿದರೂ ಹೋಗುವುದಿಲ್ಲ. ಸುಟ್ಟರೆ ಹೊಗೆಯೂ ಕೆಟ್ಟದ್ದು. ಹಸಿ ಎಲೆ ಕಹಿ, ಹಾಗಾಗಿ ದನಕರು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಹೆದ್ದಾರಿಯ ನಡುವೆ ಸಾಲಾಗಿ ಕಣಗಿಲೆ ಹಚ್ಚಿರುವುದನ್ನು ನೋಡಿರುತ್ತೀರಿ ಅಲ್ವಾ, ನೀರು ಕಡಿಮೆ ಸಾಕು, ಧೂಳು ತಡೆಯುತ್ತದೆ, ದನ ಬಾಯಿ ಹಾಕುವುದಿಲ್ಲ. ಆದರೆ ಬಾಡಿದ ಎಲೆ ಮೇವಿನಲ್ಲಿ ಸೇರಿಕೊಂಡರೆ ದನಕ್ಕೆ ಗೊತ್ತಾಗುವುದಿಲ್ಲ.

ಮುಟ್ಟಿದರೇ ಸಾಯುತ್ತಾರೆ ಅನ್ನುವುದು ಮಾತ್ರ ನಿಜವಲ್ಲ. ಸೊನೆ ಹತ್ತಿದರೆ ಕೆಲವರಿಗೆ ಚರ್ಮ ತುರಿಸುತ್ತದೆ, ಕಣ್ಣಿಗೆ ಬಿದ್ದರೆ ಉರಿಯುತ್ತದೆ. ಅವ್ವ ಇಷ್ಟು ವರ್ಷ ಹೂ ಬಿಡಿಸಿ ಕೈ ತೊಳೆದುಕೊಂಡು ಬಂದಿದ್ದಾಳೆ, ಏನೂ ಆಗಿಲ್ಲ. ಅಪಾಯ ಇರುವುದು ಬಾಯಿಗೆ ಹೋಗುವುದರಲ್ಲಿ. ಅಂದರೆ ಕೆಲಸ ಎರಡು. ಎಲೆ ಮಗುವಿನ ಕೈಗೆ ಎಟುಕಬಾರದು. ಕೆಳಗೆ ಉದುರಿದ್ದೂ ಸಿಗಬಾರದು. ಪೊದೆಯಾಗಿದ್ದ ಗಿಡವನ್ನು ಸಣ್ಣ ಮರದ ಹಾಗೆ ಬೆಳೆಸುವುದು, ಸುತ್ತ ಜಾಳಿಗೆ ಹಾಕುವುದು ಅಂತ ಗಟ್ಟಿ ಮಾಡಿದೆ.

ಶಿವರಾತ್ರಿಗೆ ಅವ್ವನಿಗೆ ಹೂ ಬೇಕು. ಅದು ಮುಗಿದ ಮೊದಲ ಭಾನುವಾರ ಕೆಲಸಕ್ಕೆ ಕೈ ಹಚ್ಚಿದೆ. ಚಳಿ ಹೋಗಿ ಬಿಸಿಲು ಏರುವ ಹೊತ್ತು, ಕಡಿದರೆ ಬೇಗ ಚಿಗುರುತ್ತದೆ. ತುಂಬುತೋಳಿನ ಅಂಗಿ, ರಬ್ಬರ್ ಕೈಗವಸು, ಬೈಕಿಗೆ ಹಾಕುವ ಕನ್ನಡಕ ಹಾಕಿಕೊಂಡೆ. ಗಿಡ ಹನ್ನೆರಡು ಅಡಿ ಎತ್ತರ ಇತ್ತು. ಬುಡದಿಂದ ಎದ್ದ ಕಾಂಡ ಎಣಿಸಿದೆ, ಇಪ್ಪತ್ತೇಳು. ಅದರಲ್ಲಿ ಒಂಬತ್ತು ಪೂರ್ತಿ ಒಣಗಿದ್ದವು. ಹೂವೆಲ್ಲ ತುದಿಯಲ್ಲಿ. ಅವ್ವ ಕಾಂಡ ಬಗ್ಗಿಸಿ ಬಗ್ಗಿಸಿ ಹೂ ಬಿಡಿಸುತ್ತಿದ್ದಳು, ಅದರಿಂದಲೇ ಅರ್ಧ ಕಾಂಡ ಹೊರಗೆ ವಾಲಿದ್ದವು.

ಯಾವುದನ್ನು ಉಳಿಸುವುದು ಅಂತ ಅರ್ಧ ಗಂಟೆ ಸುತ್ತ ಸುತ್ತಿದೆ. ಕೊನೆಗೆ ಮೂರು ಆರಿಸಿದೆ. ಮಣಿಕಟ್ಟಿನಷ್ಟು ದಪ್ಪ, ನೆಟ್ಟಗೆ ಮೇಲೆ ಹೋದವು, ಒಂದಕ್ಕೊಂದು ತಿಕ್ಕದವು. ಅವಕ್ಕೆ ಕೆಂಪು ದಾರ ಕಟ್ಟಿದೆ, ಗಡಿಬಿಡಿಯಲ್ಲಿ ಗರಗಸ ತಪ್ಪು ಕಡೆ ಹೋಗಬಾರದು ಅಂತ. ಉಳಿದ ಇಪ್ಪತ್ನಾಲ್ಕನ್ನು ನೆಲಮಟ್ಟಕ್ಕೆ ಕೊಯ್ದೆ. ಕಣಗಿಲೆ ಕಟ್ಟಿಗೆ ಮೆತ್ತಗೆ, ಗರಗಸ ಬೇಗ ಇಳಿಯುತ್ತದೆ. ಆದರೆ ಸೊನೆ ಹಲ್ಲಿಗೆ ಅಂಟಿ ಹಿಡಿದುಕೊಳ್ಳುತ್ತದೆ. ನಾಲ್ಕೈದು ಕಾಂಡಕ್ಕೊಮ್ಮೆ ಸ್ಪಿರಿಟ್ ಬಟ್ಟೆಯಿಂದ ಒರೆಸಿದೆ. ಕೊಯ್ದ ಜಾಗ ನೋಡಿದರೆ ಆರೋಗ್ಯ ಗೊತ್ತಾಗುತ್ತದೆ. ಒಳ್ಳೆಯ ಕಾಂಡ ಕೆನೆಬಣ್ಣ, ತೊಗಟೆ ಕೆಳಗೆ ತೆಳ್ಳನೆ ಹಸಿರು ಉಂಗುರ. ಸಾಯುತ್ತಿರುವುದರಲ್ಲಿ ಆ ಉಂಗುರವೇ ಕಂದು.

ಮೂರು ಕಾಂಡಗಳ ಪಕ್ಕದ ಕೊಂಬೆ ಎಲ್ಲ ಸವರಿ, ಆರು ಅಡಿ ಎತ್ತರದಲ್ಲಿ ತಲೆ ಕತ್ತರಿಸಿದೆ. ಸಂಜೆ ಹೊತ್ತಿಗೆ ಹಿತ್ತಲಲ್ಲಿ ಮೂರು ಬೋಳು ಕೋಲು ನಿಂತಿದ್ದವು. ಅವ್ವ ಬಾಗಿಲಲ್ಲಿ ನಿಂತು, "ಚಿಗುರತೈತಿಲ್ಲೋ?" ಅಂತ ಕೇಳಿದಳು. ಚಿಗುರುತ್ತದೆ ಅಂದೆ. ಹೇಳುವಾಗ ನನಗೂ ಎದೆ ಢವಢವ ಅನ್ನುತ್ತಿತ್ತು.

ನಾನು ಮಾಡಿದ ದೊಡ್ಡ ತಪ್ಪು ಆ ರಾತ್ರಿಯದು. ಕಡಿದ ರಾಶಿ ಎತ್ತಿನ ಗಾಡಿ ತುಂಬುವಷ್ಟಿತ್ತು. ಸುಡುವಂತಿಲ್ಲ. ಕಸದ ಗಾಡಿಗೆ ಹಾಕಿದರೆ ತಿಪ್ಪೆಯಲ್ಲಿ ದನ ಮೇಯುತ್ತವೆ. ಗುಂಡಿ ತೆಗೆದು ಹೂಳಬೇಕು ಅಂತ ಗೊತ್ತಿತ್ತು. ಆದರೆ ನಮ್ಮ ಎರೆ ನೆಲ ಆ ಹೊತ್ತಿಗೆ ಕಲ್ಲಿನ ಹಾಗೆ ಆಗಿತ್ತು, ಗುಂಡಿ ನಾಳೆ ತೆಗೆದರಾಯಿತು ಅಂತ ರಾಶಿಗೆ ತಾಡಪತ್ರಿ ಹೊದಿಸಿ ಮಲಗಿದೆ. ರಾತ್ರಿ ಗಾಳಿಗೆ ತಾಡಪತ್ರಿಯ ಒಂದು ಮೂಲೆ ಹಾರಿದೆ. ಬೆಳಿಗ್ಗೆ ಆರು ಗಂಟೆಗೆ ಬಂದು ನೋಡಿದರೆ ಕಾಕಾನ ಆಡು ಒಳಗೆ ನಿಂತು ಏನೋ ಅಗಿಯುತ್ತಿತ್ತು. ಹಿಂದಿನ ಗೇಟಿನ ಚಿಲಕ ಹಾಕಿರಲಿಲ್ಲ.

ಓಡಿ ಹೋಗಿ ಬಾಯಿ ಹಿಡಿದು ಬೆರಳು ಹಾಕಿ ತೆಗೆದೆ. ಅರ್ಧ ಅಗಿದ ಎರಡು ಎಲೆ ಬಂದವು. ಎಷ್ಟು ನುಂಗಿತ್ತೋ ಯಾರಿಗೆ ಗೊತ್ತು. 1962ಕ್ಕೆ ಫೋನ್ ಮಾಡಿದೆ, ಅದು ಪಶು ಆಂಬುಲೆನ್ಸಿನ ನಂಬರ್. ಗಾಡಿ ಬರುವವರೆಗೆ ಕಾಕಾ ಆಡಿನ ಕೊರಳು ತಬ್ಬಿ ಕೂತಿದ್ದರು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. ಕೊಳವೆ ಹಾಕಿ ಇದ್ದಿಲಿನ ಔಷಧಿ ಹೊಟ್ಟೆಗೆ ಬಿಟ್ಟರು. ಓಡಾಡಿಸಬೇಡಿ, ನೆರಳಲ್ಲಿ ಕಟ್ಟಿ, ಎರಡು ದಿನ ಕಣ್ಣಿಡಿ ಅಂದರು. ಆ ಎರಡು ದಿನ ನಾನು ಗಂಟೆಗೊಮ್ಮೆ ಹೋಗಿ ನೋಡಿದೆ. ಮೂರನೆಯ ದಿನ ಆಡು ಎದ್ದು ಬೇವಿನ ಸೊಪ್ಪು ಎಳೆಯಿತು. ಕಾಕಾ ನನಗೆ ಒಂದು ಬಿರುಸು ಮಾತು ಆಡಲಿಲ್ಲ. ಅವರು ಬೈದಿದ್ದರೆ ಹಗುರಾಗುತ್ತಿತ್ತು.

ಕಣಗಿಲೆ ಕಡಿಯುವವರು ಮೊದಲು ಗುಂಡಿ ತೆಗೆಯಿರಿ, ಆಮೇಲೆ ಗರಗಸ ಹಿಡಿಯಿರಿ. ನಾವು ಆಮೇಲೆ ಹಾರೆ ಹಿಡಿಯುವ ಇಬ್ಬರನ್ನು ಕರೆಸಿ ನಾಲ್ಕು ಅಡಿ ಆಳ ತೆಗೆಸಿದೆವು. ರಾಶಿ ತುಳಿದು ತುಂಬಿ ಮೇಲೆ ಎರಡು ಅಡಿ ಮಣ್ಣು ಹಾಕಿದೆವು. ಈ ಎಲೆಯನ್ನು ತರಕಾರಿ ಮಡಿಯ ಗೊಬ್ಬರದ ಗುಂಡಿಗೆ ನಾನು ಹಾಕುವುದಿಲ್ಲ. ಕಡ್ಡಿಯನ್ನು ಒಲೆಗೂ ಕೊಡುವುದಿಲ್ಲ, ಮಕ್ಕಳ ಕೈಗೆ ಆಟದ ಕೋಲು ಅಂತಲೂ ಕೊಡುವುದಿಲ್ಲ.

ಹನ್ನೆರಡು ಕಡ್ಡಿ ಮಾತ್ರ ಬೇರೆ ಇಟ್ಟಿದ್ದೆ. ಪೆನ್ಸಿಲ್ ದಪ್ಪ, ಗೇಣುದ್ದ, ಗೆಣ್ಣಿನ ಕೆಳಗೆ ಕತ್ತರಿಸಿದವು. ಕೆಳಗಿನ ಎಲೆ ಕಿತ್ತು ಆರನ್ನು ನೀರಿನ ಬಾಟಲಿಯಲ್ಲಿ, ಆರನ್ನು ಒದ್ದೆ ಮರಳಿನಲ್ಲಿ ಇಟ್ಟೆ. ಬಾಟಲಿಯ ನೀರಿಗೂ ವಿಷ ಇಳಿಯುತ್ತದೆ. ಅದಕ್ಕೇ ಅದನ್ನು ಅಟ್ಟದ ಕಿಟಕಿಯಲ್ಲಿ ಇಟ್ಟು ಮೂರು ದಿನಕ್ಕೊಮ್ಮೆ ನೀರು ಬದಲಿಸಿದೆ. ನಾಲ್ಕು ವಾರಕ್ಕೆ ನೀರಿನಲ್ಲಿದ್ದ ನಾಲ್ಕಕ್ಕೆ ಬಿಳಿ ಬೇರು ಬಂತು. ಮರಳಿನಲ್ಲಿದ್ದವು ಬೇಸಗೆ ತಡೆಯದೆ ಒಣಗಿದವು, ನೀರು ಹಾಕುವುದರಲ್ಲಿ ನಾನೇ ತಪ್ಪಿಸಿದ್ದೆ.

ಮೂರು ಬೋಳು ಕಾಂಡಕ್ಕೆ ಸುಣ್ಣ ಬಳಿದೆ. ಇಷ್ಟು ವರ್ಷ ಎಲೆ ನೆರಳಲ್ಲಿದ್ದ ತೊಗಟೆಗೆ ನಮ್ಮ ಏಪ್ರಿಲ್ ಬಿಸಿಲು ನೇರ ಬಿದ್ದರೆ ಸಿಡಿಯುತ್ತದೆ. ಹತ್ತು ದಿನಕ್ಕೊಮ್ಮೆ ಬುಡಕ್ಕೆ ನಾಲ್ಕು ಕೊಡ ನೀರು. ಇದಕ್ಕಿಂತ ಜಾಸ್ತಿ ಬೇಕಾಗಿಲ್ಲ. ಕಣಗಿಲೆ ಒಣಹಳ್ಳದ ದಂಡೆಯ ಗಿಡ. ಎಲೆಯ ಅಡಿಭಾಗದಲ್ಲಿ ಉಸಿರಾಟದ ರಂಧ್ರಗಳು ಸಣ್ಣ ಸಣ್ಣ ಕುಳಿಯೊಳಗೆ ಇವೆ. ಕುಳಿಯ ತುಂಬ ನವಿರು ಕೂದಲು. ಬಿಸಿಗಾಳಿ ಒಳಗೆ ಹೋಗಿ ನೀರು ಎಳೆಯಲು ಆಗುವುದಿಲ್ಲ. ಬೆಳಕಿಗೆ ಹಿಡಿದು ನೋಡಿದರೆ ಆ ಕುಳಿಗಳು ಮಾಸಲು ಚುಕ್ಕೆಗಳಂತೆ ಕಾಣುತ್ತವೆ. ಬೋರ್ ಬತ್ತಿದ ವರ್ಷವೂ ಈ ಗಿಡ ಹೂ ನಿಲ್ಲಿಸದೆ ಇದ್ದದ್ದು ಹೇಗೆ ಅಂತ ಅವತ್ತು ತಿಳಿಯಿತು.

ಮಾರ್ಚ್ ಮಧ್ಯದಲ್ಲಿ ಚಿಗುರು ಬಂತು. ಕಣಗಿಲೆಯಲ್ಲಿ ಒಂದು ಗೆಣ್ಣಿಗೆ ಮೂರು ಎಲೆ. ಪ್ರತಿ ಎಲೆಯ ಬುಡದಲ್ಲಿ ಒಂದು ಮೊಗ್ಗು. ಹಾಗಾಗಿ ಎಲ್ಲಿ ತುದಿ ಕತ್ತರಿಸುತ್ತೀರೋ ಅಲ್ಲಿಂದ ಮೂರು ಕವಲು. ಮೂರು ಕಾಂಡಕ್ಕೆ ಒಂಬತ್ತು ಚಿಗುರು ಬಂದವು. ಒಂದು ಅಡಿ ಬೆಳೆದ ಮೇಲೆ ಏಪ್ರಿಲಿನಲ್ಲಿ ಅವುಗಳ ತುದಿ ಚಿವುಟಿದೆ. ಲೆಕ್ಕಕ್ಕೆ ಇಪ್ಪತ್ತೇಳು ಆಗಬೇಕು, ಬಂದದ್ದು ಇಪ್ಪತ್ತೆರಡು. ಮೂರನೆಯ ಸಲ ಚಿವುಟಲಿಲ್ಲ. ಹೂ ಬರುವುದು ಹೊಸ ಚಿಗುರಿನ ತುದಿಯಲ್ಲೇ, ಚಿವುಟುತ್ತ ಹೋದರೆ ಆ ವರ್ಷ ಹೂವೇ ಇಲ್ಲ. ಬುಡದಿಂದಲೂ ಚಿಗುರು ಏಳುತ್ತಲೇ ಇರುತ್ತದೆ. ಅದನ್ನು ಕತ್ತರಿಯಿಂದ ಕತ್ತರಿಸಿದರೆ ಒಂದರ ಜಾಗದಲ್ಲಿ ಮೂರು. ಬೆರಳುದ್ದ ಇರುವಾಗಲೇ ಹಿಡಿದು ಕೆಳಕ್ಕೆ ತಿರುವಿ ಬುಡದಿಂದ ಕಿತ್ತರೆ ಅಷ್ಟಾಗಿ ಮತ್ತೆ ಬರುವುದಿಲ್ಲ. ವಾರಕ್ಕೊಮ್ಮೆ ಐದು ನಿಮಿಷದ ಕೆಲಸ.

ಬೇಲಿಯ ಕೆಲಸ ಎರಡು ಸಲ ಮಾಡಬೇಕಾಯಿತು. ಗಿಡದ ಸುತ್ತ ಏಳು ಅಡಿ ಅಗಲದ ವೃತ್ತ ಗೆರೆ ಹಾಕಿದೆ. ಸುತ್ತಳತೆ ಇಪ್ಪತ್ತೆರಡು ಅಡಿ. ನಾಲ್ಕು ಅಡಿ ಎತ್ತರದ ಅರ್ಧ ಇಂಚಿನ ಜಾಳಿಗೆ ಇಪ್ಪತ್ನಾಲ್ಕು ಅಡಿ ತಂದೆ. ಅಂಗಡಿಯವರು ಎರಡು ಇಂಚಿನ ಕಿಂಡಿಯದು ಅಗ್ಗ ಅಂದರು, ಆದರೆ ಮಗುವಿನ ಕೈ ಅದರಲ್ಲಿ ಮೊಣಕೈವರೆಗೂ ಹೋಗುತ್ತದೆ. ಆರು ಕಬ್ಬಿಣದ ಆ್ಯಂಗಲ್, ಒಂದೊಂದು ಆರು ಅಡಿ, ಒಂದೂವರೆ ಅಡಿ ನೆಲದೊಳಗೆ. ಮಾರ್ಚಿನಲ್ಲಿ ಅವನ್ನು ನಿಲ್ಲಿಸಿ, ತೆಗೆದ ಮಣ್ಣನ್ನೇ ವಾಪಸ್ ತುಂಬಿ ದಮ್ಮಸು ಹಾಕಿದೆ. ಆಗ ಬಂಡೆಯಂತೆ ನಿಂತವು.

ಮೇ ತಿಂಗಳಲ್ಲಿ ಎರೆ ಬಿರುಕು ಬಿಟ್ಟಿತು. ನಮ್ಮ ಕಡೆಯವರಿಗೆ ಇದು ಹೇಳಬೇಕಾಗಿಲ್ಲ, ಕೈ ಇಳಿಯುವಷ್ಟು ಬಿರುಕು. ಎರಡು ಕಂಬದ ಬುಡ ಬಿಟ್ಟುಕೊಂಡು ಹಲ್ಲಿನ ಹಾಗೆ ಅಲುಗಾಡಿದವು. ಜೂನಿನ ಮೊದಲ ದೊಡ್ಡ ಮಳೆಗೆ ಅದೇ ಮಣ್ಣು ಉಬ್ಬಿತು, ಇನ್ನೊಂದು ಕಂಬ ಹೊರಗೆ ವಾಲಿತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಅದರಲ್ಲಿ ನೆಟ್ಟಿದ್ದು ಯಾವುದೂ ಸುಮ್ನೆ ನಿಲ್ಲುವುದಿಲ್ಲ. ಆರೂ ಕಂಬ ಕಿತ್ತೆ. ಗುಂಡಿಯನ್ನು ಒಂದು ಅಡಿ ಅಗಲ, ಎರಡು ಅಡಿ ಆಳ ಮಾಡಿ ಒಳಗಿನ ಎರೆ ಪೂರ್ತಿ ತೆಗೆದೆ. ತಳಕ್ಕೆ ಅರ್ಧ ಅಡಿ ಗರಸು ಹಾಕಿ ಗುದ್ದಿದೆ. ಅದರ ಮೇಲೆ ಕಂಬ ನಿಲ್ಲಿಸಿ ಜಲ್ಲಿ, ಸಿಮೆಂಟು ತುಂಬಿದೆ. ಆಮೇಲೆ ಮಳೆಗಾಲ ಕಳೆದರೂ ಕದಲಿಲ್ಲ. ಜಾಳಿಗೆಯ ಕೆಳ ಅಂಚನ್ನು ನಾಲ್ಕು ಬೆರಳು ಮಣ್ಣಲ್ಲಿ ಹೂತಿದ್ದೇನೆ, ಎಲೆ ಅಡಿಯಿಂದ ಜಾರಿ ಬರಬಾರದು. ಗೇಟಿನ ಚಿಲಕ ಮೇಲ್ಗಡೆ, ಹೊರಗಿನಿಂದ.

ಏಪ್ರಿಲ್ ಕೊನೆಗೆ ಎಳೆ ಚಿಗುರಿಗೆ ಹೇನು ಬಿತ್ತು. ಅರಿಶಿನದಂಥ ಹಳದಿ ಮೈ, ಕಪ್ಪು ಕಾಲು, ಚಿಗುರಿನ ಸುತ್ತ ಒತ್ತೊತ್ತಾಗಿ ಕೂತಿದ್ದವು. ಗಿಡದ ವಿಷವನ್ನು ಮೈಯಲ್ಲೇ ಇಟ್ಟುಕೊಳ್ಳುವ ಹುಳು ಇದು, ಆ ಬಣ್ಣ ತಿನ್ನುವವರಿಗೆ ಎಚ್ಚರಿಕೆ. ಎರಡು ಬೆಳಿಗ್ಗೆ ಪೈಪಿನ ನೀರು ಜೋರಾಗಿ ಬಿಟ್ಟು ಉದುರಿಸಿದೆ. ಉಳಿದದ್ದಕ್ಕೆ ಸಂಜೆ ಹೊತ್ತು ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, ಸ್ವಲ್ಪ ಸೋಪಿನ ನೀರು ಬೆರೆಸಿ ಸಿಂಪಡಿಸಿದೆ. ಆಮೇಲೆ ಗುಲಗಂಜಿ ಹುಳುಗಳು ಬಂದವು, ನಾನು ಕೈಬಿಟ್ಟೆ. ಗೊಬ್ಬರ ಅಂತ ಕೊಟ್ಟದ್ದು ಮಿರಗದ ಮಳೆ ಹೊತ್ತಿಗೆ ಒಂದು ಬುಟ್ಟಿ ತಿಪ್ಪೆಗೊಬ್ಬರ ಮಾತ್ರ. ಯೂರಿಯಾ ಹಾಕಿದರೆ ಎಲೆ ಸೊಕ್ಕುತ್ತದೆ, ಹೇನಿಗೆ ಹಬ್ಬ.

ಬೇಲಿಗಿಂತ ಹೆಚ್ಚು ನನ್ನನ್ನು ಕಾಡಿದ್ದು ದೇವರ ಕೋಣೆ. ಈ ಕೆಲಸ ಶುರು ಮಾಡುವವರೆಗೆ ನನಗೇ ಹೊಳೆದಿರಲಿಲ್ಲ. ಅವ್ವ ಲಿಂಗದ ಮೇಲೆ ಕಣಗಿಲೆ ಇಟ್ಟು ನೀರೆರೆಯುತ್ತಿದ್ದಳು. ಹೂವು ಆ ತಟ್ಟೆಯ ನೀರಿನಲ್ಲೇ ನೆನೆಯುತ್ತಿತ್ತು. ಅದೇ ನೀರು ತೀರ್ಥ. ನಿರ್ಮಾಲ್ಯ ಬೀದಿ ಆಕಳಿಗೆ. ನೆನೆದ ಹೂವಿನ ನೀರಿಗೂ ವಿಷ ಇಳಿಯುತ್ತದೆ ಅಂತ ಹೇಳಿದಾಗ ಅವ್ವನ ಮುಖ ಸಣ್ಣದಾಯಿತು. "ಇಷ್ಟು ವರ್ಷ ಎಲ್ಲಾರಿಗೂ ಕೊಟ್ಟೀನಲ್ಲೋ" ಅಂದಳು. ಒಂದು ಗುಟುಕು ತೀರ್ಥದಿಂದ ನಮಗೆ ಏನೂ ಆಗಿಲ್ಲ ನಿಜ. ಆದರೆ ಎಂಟು ತಿಂಗಳ ಕೂಸಿನ ನಾಲಿಗೆಗೆ ಅದನ್ನು ಮುಟ್ಟಿಸುವ ಮಾತೇ ಬೇಡ. ಈಗ ಅವ್ವ ಮೊದಲು ಅಭಿಷೇಕ ಮುಗಿಸಿ ತೀರ್ಥ ಬೇರೆ ಬಟ್ಟಲಿಗೆ ತೆಗೆದಿಡುತ್ತಾಳೆ, ಅದರಲ್ಲಿ ತುಳಸಿ ಮಾತ್ರ. ಲಿಂಗ ಒರೆಸಿ ಆಮೇಲೆ ಕಣಗಿಲೆ ಏರಿಸುತ್ತಾಳೆ. ನಿರ್ಮಾಲ್ಯ ಬೇಲಿಯೊಳಗೆ ಅದೇ ಗಿಡದ ಬುಡಕ್ಕೆ ಹೋಗುತ್ತದೆ. ಕಣಗಿಲೆ ಏರಿಸುವ ಮನೆಯವರು ದಯವಿಟ್ಟು ಇದೊಂದನ್ನು ನೋಡಿಕೊಳ್ಳಿ.

ಜುಲೈ ಮೊದಲ ವಾರ ಹೂ ಬಿಟ್ಟಿತು. ಎಲೆಗಳು ಐದು ಅಡಿ ಮೇಲೆ, ಹೂವು ಏಳು ಅಡಿಯಲ್ಲಿ. ಅವ್ವನಿಗೆ ಗಳಕ್ಕೆ ತಂತಿ ಕೊಕ್ಕೆ ಕಟ್ಟಿ ಒಂದು ಸಣ್ಣ ದೋಟಿ ಮಾಡಿಕೊಟ್ಟೆ. ಹಿಂದೆ ಹನ್ನೆರಡು ಅಡಿಯ ಕಾಂಡ ಬಗ್ಗಿಸುತ್ತಿದ್ದವಳಿಗೆ ಇದು ಸಲೀಸು.

ಅದೇ ಹೊತ್ತಿಗೆ ಎಲೆಯ ಮೇಲೆ ಹುಳುಗಳು ಕಂಡವು. ಒಂದು ದಪ್ಪ ಹಸಿರು ಹುಳು, ಬೆರಳಿನಷ್ಟು ಉದ್ದ, ತಲೆಯ ಹಿಂದೆ ನೀಲಿ ಬಿಳಿಯ ಎರಡು ಕಣ್ಣಿನಂಥ ಮಚ್ಚೆ. ಕಣಗಿಲೆ ಪತಂಗದ ಮರಿ ಅದು. ಎರಡು ದಿನಕ್ಕೆ ಒಂದು ಕೊಂಬೆ ಬೋಳು ಮಾಡಿತು. ಐದಾರು ಇದ್ದವು, ಚಿಮಟದಿಂದ ತೆಗೆದು ನೆಲಕ್ಕೆ ಬಿಟ್ಟೆ. ಇನ್ನೊಂದು ಜಾತಿಯದು ಬಿಳಿ ಕಪ್ಪು ಪಟ್ಟೆಯದು, ಬೆನ್ನ ಮೇಲೆ ನಾಲ್ಕು ಜೊತೆ ಕಪ್ಪು ಮೀಸೆ. ಅದು ತಿನ್ನುವುದು ಕಡಿಮೆ ಅಂತ ಬಿಟ್ಟೆ. ಒಂದು ಬೆಳಿಗ್ಗೆ ಅವ್ವ ಕೂಗಿದಳು. ಎಲೆಯ ಅಡಿಗೆ ಒಂದು ಕೋಶ ನೇತಾಡುತ್ತಿತ್ತು. ಬೆಳ್ಳಿ ಗುಂಡಿಯ ಹಾಗೆ, ಕನ್ನಡಿಯಷ್ಟು ಹೊಳಪು, ಹತ್ತಿರ ಹೋದರೆ ನಮ್ಮ ಮುಖ ಸಣ್ಣದಾಗಿ ಅದರಲ್ಲಿ ಕಂಡಿತು. ಕೆಲವು ದಿನ ಬಿಟ್ಟು ಒಂದು ಕಂದುಗಪ್ಪು ಚಿಟ್ಟೆ, ರೆಕ್ಕೆಯ ಅಂಚಿಗೆ ಬಿಳಿ ಚುಕ್ಕೆಯದು, ಒದ್ದೆ ರೆಕ್ಕೆ ಒಣಗಿಸುತ್ತ ಅಲ್ಲೇ ಕೂತಿತ್ತು. ಆ ಎಲೆ ಕೀಳಬೇಡ ಅಂತ ಅವ್ವ ಅದಕ್ಕೆ ದಾರ ಕಟ್ಟಿದ್ದಳು.

ಪಂಚಮಿಗೆ ತಂಗಿ ಬಂದಳು. ಬೆಳಿಗ್ಗೆ ಏಳಕ್ಕೆ ಮೊದಲೇ ನಾನು ಬೇಲಿಯ ಹೊರಗೆ ಕಸ ಗುಡಿಸುತ್ತೇನೆ, ಶ್ರಾವಣದ ಗಾಳಿಗೆ ನಾಲ್ಕೈದು ಎಲೆ ಹೊರಗೂ ಬೀಳುತ್ತವೆ. ಗುಡಿಸಿದ ಮೇಲೆಯೇ ಮಗು ಹಿತ್ತಲಿಗೆ. ಅವನು ಹರಿದುಕೊಂಡು ನೇರ ಜಾಳಿಗೆಗೆ ಹೋದ, ಅದನ್ನೇ ಹಿಡಿದು ಎದ್ದು ನಿಂತ. ಬೆರಳ ತುದಿ ಕಿಂಡಿಯಲ್ಲಿ ಇಳಿಯುತ್ತದೆ, ಅಲ್ಲಿಂದ ಕಾಂಡಕ್ಕೆ ಮೂರು ಅಡಿ ದೂರ. ಆದರೂ ಯಾರಾದರೂ ಒಬ್ಬರು ಪಕ್ಕದಲ್ಲಿ ಇದ್ದೇ ಇರುತ್ತೇವೆ. ಎಲೆಯೋ ಹೂವೋ ಬಾಯಿಗೆ ಹೋದರೆ ವಾಂತಿ ಮಾಡಿಸಲು ಹೋಗಬಾರದು, ಬಾಯಲ್ಲಿದ್ದದ್ದು ತೆಗೆದು ಬಾಯಿ ಒರೆಸಿ, ಒಂದು ಎಲೆ ಚೀಲದಲ್ಲಿ ಹಾಕಿಕೊಂಡು ಕೂಡಲೇ ಆಸ್ಪತ್ರೆಗೆ. 108 ನಂಬರ್ ಜೊತೆ ಇದನ್ನು ಅಡುಗೆಮನೆ ಬಾಗಿಲಿಗೆ ಬರೆದು ಅಂಟಿಸಿದ್ದೇನೆ.

ಉಂಡಿ ತಗೊಂಡು ಇಂಡಿಯಿಂದ ಸೋದರಮಾವ ಬಂದಿದ್ದರು. ಅಲ್ಲಿಯ ಹಳೆ ಕಣಗಿಲೆ ರಸ್ತೆ ಅಗಲ ಮಾಡುವಾಗ ಹೋಗಿತ್ತು. ಬೇರು ಬಿಟ್ಟ ನಾಲ್ಕರಲ್ಲಿ ಒಂದು ಸಸಿಯನ್ನು ಅವ್ವ ಅವರ ಮುಂದೆ ತಂದಿಟ್ಟಳು. "ಅಣ್ಣಾ, ಎಮ್ಮಿ ಕಟ್ಟೂ ಕಡೆ ಹಚ್ಚಬ್ಯಾಡ. ಹೊರಗಿನ ಗ್ವಾಡಿಗೆ ಹಚ್ಚು, ಸುತ್ತ ಜಾಳಿಗಿ ಹಾಕು" ಅಂದಳು. ಬಸ್ಸಿನಲ್ಲಿ ಎಲೆ ಯಾರ ಕೈಗೂ ತಾಗದ ಹಾಗೆ ಹಳೇ ಸೀರೆಯ ತುಂಡಿನಲ್ಲಿ ತಾನೇ ಸುತ್ತಿ, ಮೇಲೆ ದಾರ ಬಿಗಿದಳು. ಆಮೇಲೆ ಹೋಗಿ ಕೈ ತೊಳೆದುಕೊಂಡಳು.